ನೋಡುಗರ ಮನಸ್ಸನ್ನು ನಿಧಾನಕ್ಕೆ ಇಳಿಸುವ ಅಮೂರ್ತ ಸಿನಿಮಾ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಥೆ ಇಲ್ಲ, ಪಾತ್ರ ಇಲ್ಲ, ಮಾತಿಲ್ಲ. ಬೆಳಕು, ಬಣ್ಣ, ಆಕಾರ, ಚಲನೆ, ಸದ್ದು ಇಷ್ಟನ್ನೇ ಇಟ್ಟುಕೊಂಡು ಸಿನಿಮಾ ಮಾಡಲು ಹೊರಟವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಉತ್ತರಗಳಲ್ಲಿ ನನ್ನ ಅಭಿಪ್ರಾಯ ಧಾರಾಳವಾಗಿ ಸೇರಿಕೊಂಡಿದೆ. ಒಪ್ಪದಿದ್ದರೆ ನಿಮ್ಮ ದಾರಿಯಲ್ಲೇ ಮಾಡಿ ನೋಡಿ, ಈ ಕ್ಷೇತ್ರ ಇರುವುದೇ ಅದಕ್ಕೆ.

ಸಿನಿಮಾ ನೋಡಿದರೆ ಧ್ಯಾನ ಆಗುತ್ತದಾ?

ಆಗುವುದಿಲ್ಲ. ಧ್ಯಾನ ಮಾಡಬೇಕಾದವರು ನೋಡುಗರು, ಅವರ ಪರವಾಗಿ ಸಿನಿಮಾ ಮಾಡಿಕೊಡಲು ಬರುವುದಿಲ್ಲ. ಆದರೆ ಅವರ ಗಮನವನ್ನು ಒಂದು ಕಡೆ ಕೂರಿಸಿ, ಅದಕ್ಕೆ ಬೇರೆ ಕೆಲಸ ಹಚ್ಚದೆ ಇರುವುದು ಸಿನಿಮಾಕ್ಕೆ ಸಾಧ್ಯ. ಮಾಮೂಲಿ ಸಿನಿಮಾ ನಮಗೆ ಕ್ಷಣಕ್ಷಣಕ್ಕೂ ಕೆಲಸ ಕೊಡುತ್ತಿರುತ್ತದೆ. ಇವನು ಯಾರು, ಅವಳು ಯಾಕೆ ಸುಳ್ಳು ಹೇಳಿದಳು, ಮುಂದೇನು. ಆ ಕೆಲಸವನ್ನೆಲ್ಲ ತೆಗೆದುಬಿಟ್ಟರೆ ಮನಸ್ಸು ಮೊದಲು ಗಲಾಟೆ ಮಾಡುತ್ತದೆ: ಏನಿದು, ಯಾವಾಗ ಶುರುವಾಗುತ್ತೆ, ಇನ್ನೂ ಎಷ್ಟಿದೆ? ಒಂದೆರಡು ನಿಮಿಷ ಹೀಗೇ ನಡೆದ ಮೇಲೆ ಎರಡರಲ್ಲಿ ಒಂದಾಗುತ್ತದೆ. ನೋಡುಗರು ಮೊಬೈಲ್ ತೆಗೆಯುತ್ತಾರೆ, ಇಲ್ಲವೇ ಪ್ರಶ್ನೆ ಕೇಳುವುದನ್ನು ಬಿಟ್ಟು ಸುಮ್ನೆ ನೋಡಲು ಶುರು ಮಾಡುತ್ತಾರೆ. ನಿಮ್ಮ ಕಸುಬೆಲ್ಲ ಇರುವುದು ಆ ಕವಲಿನಲ್ಲಿ.

ಹಾಗಾದರೆ ಸ್ಕ್ರೀನ್‌ಸೇವರ್‌ಗೂ ಇದಕ್ಕೂ ಏನು ವ್ಯತ್ಯಾಸ?

ಸ್ಕ್ರೀನ್‌ಸೇವರ್ ಯಾರೂ ನೋಡದೆ ಇದ್ದರೂ ನಡೆಯುತ್ತದೆ. ಯಾವ ಕ್ಷಣದಲ್ಲಿ ಕಣ್ಣು ಹಾಯಿಸಿದರೂ ಒಂದೇ, ಐದು ನಿಮಿಷ ನೋಡಿದವರಿಗೂ ಐದು ಸೆಕೆಂಡ್ ನೋಡಿದವರಿಗೂ ಸಿಗುವುದು ಅಷ್ಟೇ. ಸಿನಿಮಾದಲ್ಲಿ ಹಾಗಾಗಬಾರದು. ಏಳನೇ ನಿಮಿಷದಲ್ಲಿ ಬರುವ ಒಂದು ಸಣ್ಣ ನೀಲಿ ಚುಕ್ಕಿ ಮೈ ಜುಮ್ಮೆನ್ನಿಸಬೇಕಾದರೆ ಅದರ ಹಿಂದಿನ ಆರು ನಿಮಿಷ ನೀಲಿ ಕಾಣಿಸಿರಬಾರದು. ಮೊದಲು ಏನಾಯಿತು ಎನ್ನುವುದು ಈಗ ಕಾಣುವುದರ ಅರ್ಥವನ್ನು ಬದಲಿಸುತ್ತದೆ ಅಂದರೆ ಅದು ಸಿನಿಮಾ. ಯಾವುದನ್ನು ಎಲ್ಲಿಂದ ಬೇಕಾದರೂ ಕತ್ತರಿಸಿ ಎಲ್ಲಿ ಬೇಕಾದರೂ ಅಂಟಿಸಬಹುದೋ ಅದು ವಾಲ್‌ಪೇಪರ್.

ಇದನ್ನು ಮೊದಲು ಮಾಡಿದವರು ಯಾರು? ಏನೇನು ನೋಡಬೇಕು?

ಅಮೂರ್ತ ಸಿನಿಮಾಕ್ಕೆ ನೂರು ವರ್ಷ ದಾಟಿದೆ. 1921ರ ಹೊತ್ತಿಗೆ ಜರ್ಮನಿಯಲ್ಲಿ ವಾಲ್ಟರ್ ರುಟ್‌ಮನ್, ಹಾನ್ಸ್ ರಿಕ್ಟರ್ ಬರೀ ಆಕಾರಗಳ ಚಿತ್ರ ಮಾಡಿದ್ದರು. ಆಸ್ಕರ್ ಫಿಶಿಂಗರ್ 1947ರ 'ಮೋಷನ್ ಪೇಂಟಿಂಗ್ ನಂ. 1'ರಲ್ಲಿ ಗಾಜಿನಂಥ ಪಾರದರ್ಶಕ ಹಾಳೆಯ ಮೇಲೆ ಬಣ್ಣ ಬಳಿಯುತ್ತಾ, ಕುಂಚದ ಒಂದೊಂದು ಎಳೆಗೂ ಒಂದೊಂದು ಫ್ರೇಮ್ ತೆಗೆದರು. ಚಿತ್ರ ಬರೆಯುವ ಕೆಲಸವೇ ಅಲ್ಲಿ ಚಲನೆಯಾಗಿದೆ.

ನಮ್ಮ ವಿಷಯಕ್ಕೆ ತೀರಾ ಹತ್ತಿರದವರು ಅಮೆರಿಕದ ಪಶ್ಚಿಮ ಕರಾವಳಿಯ ಇಬ್ಬರು. ಒಬ್ಬರು ಜೇಮ್ಸ್ ವಿಟ್ನಿ. 1957ರಲ್ಲಿ ಮುಗಿದ ಅವರ 'ಯಂತ್ರ'ದ ಚುಕ್ಕಿಗಳನ್ನು ಕೈಯಲ್ಲೇ ಮಾಡಿದ್ದು: ಕಾರ್ಡುಗಳಲ್ಲಿ ಸೂಜಿಯಿಂದ ತೂತು ಚುಚ್ಚಿ, ಆ ತೂತುಗಳ ಮೂಲಕ ಕೆಳಗಿನ ಕಾರ್ಡಿಗೆ ಬಣ್ಣ ಇಳಿಸಿ, ಒಂದೊಂದನ್ನೂ ಫೋಟೋ ತೆಗೆದು. ವರ್ಷಗಟ್ಟಲೆ ಹಿಡಿದ ಕೆಲಸ ಅದು. 1966ರ 'ಲ್ಯಾಪಿಸ್' ಹೊತ್ತಿಗೆ ಅಣ್ಣ ಜಾನ್ ವಿಟ್ನಿ ಕಟ್ಟಿದ್ದ ಅನಲಾಗ್ ಕಂಪ್ಯೂಟರ್ ಸಹಾಯಕ್ಕೆ ಬಂತು. ಇನ್ನೊಬ್ಬರು ಜೋರ್ಡನ್ ಬೆಲ್ಸನ್. 1957ರಿಂದ 1959ರವರೆಗೆ ಸ್ಯಾನ್ ಫ್ರಾನ್ಸಿಸ್ಕೋದ ಮಾರಿಸನ್ ತಾರಾಲಯದ ಗುಮ್ಮಟದ ಮೇಲೆ ಸಂಗೀತಗಾರ ಹೆನ್ರಿ ಜೇಕಬ್ಸ್ ಜೊತೆ 'ವೋರ್ಟೆಕ್ಸ್' ಎಂಬ ಬೆಳಕು-ಸದ್ದಿನ ಕಛೇರಿಗಳನ್ನು ನಡೆಸಿದರು, ಆಮೇಲೆ 'ಅಲ್ಯೂರ್ಸ್', 'ಸಮಾಧಿ' ಮಾಡಿದರು. ತಾವು ಹೇಗೆ ಮಾಡುತ್ತೇವೆ ಎನ್ನುವುದನ್ನು ಬೆಲ್ಸನ್ ಸುಲಭವಾಗಿ ಬಿಟ್ಟುಕೊಡುತ್ತಿರಲಿಲ್ಲ. ಬಿಟ್ಟುಕೊಟ್ಟಿದ್ದರೆ ನೋಡುವವರು ಬೆಳಕನ್ನು ಬಿಟ್ಟು ಉಪಕರಣ ಹುಡುಕುತ್ತಿದ್ದರು, ಹಾಗಾಗಿ ಒಳ್ಳೆಯದೇ ಆಯಿತು ಅನ್ನಿಸುತ್ತದೆ.

ಭಾರತದಲ್ಲಿ ಕಲಾವಿದ ಅಕ್ಬರ್ ಪದಮ್‌ಸೀ 1970ರಲ್ಲಿ ಮಾಡಿದ 'ಸಿಜಿಜಿ' ಇದೆ. ಗೆರೆ, ಚುಕ್ಕಿ, ನಿಶ್ಶಬ್ದ. ಅವಕಾಶ ಸಿಕ್ಕರೆ ಬಿಡಬೇಡಿ.

ಒಂದು ಮಾತು: ಇವನ್ನೆಲ್ಲ ಮೊಬೈಲ್‌ನಲ್ಲಿ, ಬಸ್ಸಲ್ಲಿ ಕೂತು ನೋಡಿ 'ಏನೂ ಆಗಲಿಲ್ಲ' ಅನ್ನಬೇಡಿ.

ಎಷ್ಟು ನಿಧಾನ ಇರಬೇಕು?

ಎಲ್ಲರೂ ಕೇಳುವ ಪ್ರಶ್ನೆ ಇದೇ, ಜಾಸ್ತಿ ಜನ ತಪ್ಪು ತಿಳಿದುಕೊಂಡಿರುವುದೂ ಇಲ್ಲೇ. ನಿಧಾನ ಮಾಡಿದರೆ ತಾನಾಗೇ ಧ್ಯಾನದಂತಾಗುತ್ತದೆ ಅಂತ ಯಾವುದೋ ಕ್ಲಿಪ್ ತಂದು ಶೇಕಡಾ 20ರ ವೇಗಕ್ಕೆ ಇಳಿಸಿಬಿಡುತ್ತಾರೆ. ಅದು ಬರೀ ನಿಧಾನವಾದ ಕ್ಲಿಪ್ ಆಗಿ ಉಳಿಯುತ್ತದೆ, ಅಷ್ಟೇ.

ಸಂಜೆ ಕತ್ತಲಾಗುವುದನ್ನು ಯಾರೂ ನೋಡಿರುವುದಿಲ್ಲ, ಕತ್ತಲಾಗಿದ್ದನ್ನು ಮಾತ್ರ ನೋಡಿರುತ್ತೇವೆ. ಬೇಕಾದದ್ದು ಅಂಥ ಬದಲಾವಣೆ: ನಡೆಯುವಾಗ ಗೊತ್ತಾಗಬಾರದು, ನಡೆದ ಮೇಲೆ ಗೊತ್ತಾಗಬೇಕು. ಅದೊಂದೇ ಇದ್ದರೂ ಸಾಲದು, ಕಣ್ಣಿಗೆ ಹಿಡಿದುಕೊಳ್ಳಲು ಏನಾದರೂ ಬೇಕಲ್ವಾ. ಹಾಗಾಗಿ ನಾನು ಮೂರು ವೇಗಗಳನ್ನು ಒಟ್ಟಿಗೆ ಓಡಿಸುತ್ತೇನೆ. ಮೇಲ್ಮೈಯಲ್ಲಿ ಸಣ್ಣ ಮಿಡುಕಾಟ: ಗ್ರೇನ್ (ಚಿತ್ರದ ಮೇಲೆ ಮರಳಿನಂತೆ ಕಾಣುವ ಸಣ್ಣ ಕಣಗಳು), ನೀರಿನ ನಡುಕ, ನೋಡಿದಷ್ಟೂ ಮುಗಿಯದಂಥದ್ದು. ಅದರ ಕೆಳಗೆ ಉಸಿರಿನ ಅಳತೆಯ ಏರಿಳಿತ. ಎಲ್ಲದರ ತಳದಲ್ಲಿ ಹಲವು ನಿಮಿಷ ತೆಗೆದುಕೊಳ್ಳುವ ಒಂದು ಬದಲಾವಣೆ, ಉದಾಹರಣೆಗೆ ಕಂದು ಹಸಿರಾಗುವುದು ಅಥವಾ ಮಧ್ಯದಲ್ಲಿದ್ದ ತೂಕ ಎಡಕ್ಕೆ ಹೋಗುವುದು.

ಉಸಿರಿನ ಲೆಕ್ಕ ಹೀಗೆ. ಸುಮ್ಮನೆ ಕೂತವರು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ, ಅಂದರೆ ಒಂದು ಉಸಿರಿಗೆ 3ರಿಂದ 5 ಸೆಕೆಂಡ್. ಉಸಿರಾಟದ ಅಭ್ಯಾಸಗಳಲ್ಲಿ ಹೇಳಿಕೊಡುವ ನಿಧಾನದ ಉಸಿರು ನಿಮಿಷಕ್ಕೆ ಆರು, ಅಂದರೆ 10 ಸೆಕೆಂಡ್. ಸೆಕೆಂಡಿಗೆ 24 ಫ್ರೇಮ್ ಆದರೆ 240 ಫ್ರೇಮಿನ ಒಂದು ಏರಿಳಿತ. ಮೊದಲ ಫ್ರೇಮಿನಿಂದಲೇ ಅದನ್ನು ಇಡಬೇಡಿ. 5 ಸೆಕೆಂಡಿನ ಏರಿಳಿತದಿಂದ ಶುರು ಮಾಡಿ, ನಾಲ್ಕೈದು ನಿಮಿಷದಲ್ಲಿ 10ಕ್ಕೆ ಹಿಗ್ಗಿಸಿ. ಏರುವುದಕ್ಕೆ 4 ಸೆಕೆಂಡ್, ಇಳಿಯುವುದಕ್ಕೆ 6 ಕೊಟ್ಟರೆ ಇನ್ನೂ ಸಹಜ. ಪ್ರತಿ ಸಲವೂ ಕರಾರುವಾಕ್ಕಾಗಿ ಒಂದೇ ಇದ್ದರೆ ಮಿದುಳು ಲೂಪ್ ಅಂತ ಹಿಡಿದುಬಿಡುತ್ತದೆ, ಅರ್ಧ ಸೆಕೆಂಡ್ ಆಚೀಚೆ ಆಗಲಿ. ಮುಖ್ಯವಾಗಿ, 'ಈಗ ಉಸಿರು ಎಳೆದುಕೊಳ್ಳಿ' ಅಂತ ತೆರೆಯ ಮೇಲೆ ಬರೆಯಬೇಡಿ. ಬರೆದ ಕೂಡಲೇ ಅದು ವ್ಯಾಯಾಮದ ಆ್ಯಪ್ ಆಗುತ್ತದೆ.

ತುಂಬ ನಿಧಾನ ಮಾಡಿದರೆ ಚಲನೆ ಜರ್ಕ್ ಹೊಡೆಯುತ್ತದೆ. ಯಾಕೆ?

ಒಂದು ಫ್ರೇಮಿನಿಂದ ಮುಂದಿನ ಫ್ರೇಮಿಗೆ ಒಂದು ಪಿಕ್ಸೆಲ್‌ಗಿಂತ ಕಡಿಮೆ ಸರಿಯುವ ವಸ್ತು ಹಲವು ಫ್ರೇಮ್ ನಿಂತು, ಆಮೇಲೆ ಒಂದೇ ಸಲ ಒಂದು ಪಿಕ್ಸೆಲ್ ಜಿಗಿಯುತ್ತದೆ. ಅಂಚು ಚೂಪಾಗಿದ್ದಷ್ಟೂ ಜಿಗಿತ ಎದ್ದು ಕಾಣುತ್ತದೆ. ಅಂಚುಗಳನ್ನು ಮೆತ್ತಗೆ ಮಾಡಿ, ಎರಡು ಪಟ್ಟು ರೆಸಲ್ಯೂಷನ್‌ನಲ್ಲಿ ರೆಂಡರ್ ಮಾಡಿ ಆಮೇಲೆ ಇಳಿಸಿ. ಕೋಡ್ ಬರೆಯುವವರು ಸ್ಥಾನಗಳನ್ನು ಪೂರ್ಣಾಂಕಕ್ಕೆ ಇಳಿಸಬೇಡಿ, ದಶಮಾಂಶದಲ್ಲೇ ಇಟ್ಟುಕೊಳ್ಳಿ.

ಕ್ಯಾಮೆರಾದಲ್ಲೇ ಮಾಡಬಹುದಾ, ಕಂಪ್ಯೂಟರ್ ಬೇಕೇ ಬೇಕಾ?

ಕ್ಯಾಮೆರಾ ಸಾಕು. ಮೊದಲ ಸಿನಿಮಾ ಕ್ಯಾಮೆರಾದಲ್ಲೇ ಮಾಡಿ ಅಂತ ನಾನು ಹೇಳುತ್ತೇನೆ, ಯಾಕೆಂದರೆ ನೀರು, ಎಣ್ಣೆ, ಹೊಗೆ, ಗಾಜು ನಿಮಗೆ ಹೊಳೆಯದ್ದನ್ನು ತಾವಾಗೇ ಮಾಡಿ ತೋರಿಸುತ್ತವೆ.

ನೀರಿನಲ್ಲಿ ಶಾಯಿ ಎಲ್ಲರೂ ಮಾಡಿದ ಪ್ರಯೋಗ ನಿಜ, ಆದರೆ ಸರಿಯಾಗಿ ಮಾಡಿದವರು ಕಡಿಮೆ. ಸಪಾಟು ತಳದ ಗಾಜಿನ ಪಾತ್ರೆ, ಅದರ ಕೆಳಗೆ ಬಿಳಿ ಅಕ್ರಿಲಿಕ್ ಹಾಳೆ, ಅದರ ಕೆಳಗೆ ಬೆಳಕು, ಮೇಲಿನಿಂದ ನೇರ ಕೆಳಗೆ ನೋಡುವ ಕ್ಯಾಮೆರಾ, ಮ್ಯಾಕ್ರೋ ಲೆನ್ಸ್. ನೀರನ್ನು ಕುದಿಸಿ ಆರಿಸಿಕೊಳ್ಳಿ, ಅದರೊಳಗಿನ ಗಾಳಿ ಹೊರಟುಹೋಗಿರುತ್ತದೆ, ಗಾಜಿಗೆ ಗುಳ್ಳೆ ಅಂಟುವುದಿಲ್ಲ. ಪಾತ್ರೆಗೆ ಹಾಕಿದ ಮೇಲೆ ಕೈ ಕಟ್ಟಿಕೊಂಡು ಕಾಯಿರಿ. ಕಣ್ಣಿಗೆ ನಿಂತಂತೆ ಕಂಡರೂ ಒಳಗೆ ಸುತ್ತುತ್ತಿರುತ್ತದೆ, ಒಂದು ಹನಿ ಶಾಯಿ ಬಿಟ್ಟಾಗಲೇ ಅದು ಬಯಲಾಗುವುದು. ಬೆಳಕಿನ ಶಾಖವೂ ಆಟ ಆಡುತ್ತದೆ: ಬಲ್ಬ್ ಬಿಸಿಯಾದರೆ ತಳದ ನೀರು ಮೇಲೇಳುತ್ತದೆ, ಶಾಯಿ ಅದರ ಜೊತೆ ಹೂವಿನ ಎಸಳಿನ ಹಾಗೆ ಬಿಚ್ಚಿಕೊಳ್ಳುತ್ತದೆ. ಬೇಡವಾದರೆ ಎಲ್‌ಇಡಿ ಇಡಿ. ಬೇಕಾದರೆ ಆ ಬಿಸಿಯೇ ನಿಮ್ಮ ನಿರ್ದೇಶಕ.

ಹನಿಯನ್ನು ಎತ್ತರದಿಂದ ಬೀಳಿಸಬೇಡಿ. ಡ್ರಾಪರ್ ತುದಿಯನ್ನು ನೀರಿಗೆ ಮುಟ್ಟಿಸಿ ಬಿಡಿ. ಮೊದಲು ಒಂದು ಕಪ್ಪು ದಾರ ಕೆಳಗಿಳಿಯುತ್ತದೆ, ಅದರ ತುದಿ ಉಂಗುರವಾಗುತ್ತದೆ, ಉಂಗುರ ಒಡೆದು ಮೂರ್ನಾಲ್ಕು ಹೊಸ ದಾರ ಹುಟ್ಟುತ್ತವೆ, ಒಂದೊಂದರ ತುದಿಯಲ್ಲೂ ಮತ್ತೆ ಉಂಗುರ. ಇಷ್ಟು ನಡೆಯುವುದಕ್ಕೆ ಕೆಲವೇ ಸೆಕೆಂಡ್. ಅದಕ್ಕೇ ಸೆಕೆಂಡಿಗೆ 120 ಫ್ರೇಮಿನಲ್ಲಿ ತೆಗೆದು 24ರಲ್ಲಿ ಓಡಿಸಬೇಕು, ಐದು ಪಟ್ಟು ನಿಧಾನ ಸಿಗುತ್ತದೆ. ಮೇಲ್ಮೈಯಲ್ಲಿ ಶಾಯಿ ಹರಡಿ ನಿಂತಾಗ ಅಂಚಿಗೆ ಕಡ್ಡಿಯಿಂದ ಸೋಪಿನ ನೀರು ಮುಟ್ಟಿಸಿ ನೋಡಿ: ಮೇಲ್ಮೈ ಸೆಳೆತ ಅಲ್ಲಿ ಕಡಿಮೆಯಾಗಿ ಇಡೀ ಪದರ ಅಲ್ಲಿಂದ ದೂರಕ್ಕೆ ಹೆದರಿಕೊಂಡು ಓಡುತ್ತದೆ. ನೋಡಲು ಭಲೇ ಚೆಂದ, ಆದರೆ ಧ್ಯಾನದ ಸಿನಿಮಾಕ್ಕೆ ಆ ಓಟ ಜಾಸ್ತಿಯಾಯಿತು. ಓಟ ಮುಗಿದ ನಂತರದ ಅರ್ಧ ನಿಮಿಷವನ್ನು ಇಟ್ಟುಕೊಳ್ಳಿ.

ಬೆಳಕಿನ ಬಗ್ಗೆ ಒಂದು ಎಚ್ಚರಿಕೆ. 50 ಹರ್ಟ್ಸ್ ಕರೆಂಟಿನಲ್ಲಿ ಉರಿಯುವ ಅಗ್ಗದ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, 120 ಫ್ರೇಮಿನ ಶೂಟಿಂಗ್‌ನಲ್ಲಿ ಇಡೀ ಚಿತ್ರ ಬಡಿದುಕೊಳ್ಳುತ್ತದೆ. ಬ್ಯಾಟರಿ ದೀಪ ಅಥವಾ ಮಿನುಗದ ವಿಡಿಯೋ ಲೈಟ್ ಬಳಸಿ.

ಕೋಡ್ ಅಥವಾ ಸಾಫ್ಟ್‌ವೇರ್‌ನಿಂದ ಮಾಡುವುದಾದರೆ?

ಪ್ರೊಸೆಸಿಂಗ್, ಪಿ5.ಜೆಎಸ್, ಬ್ಲೆಂಡರ್, ಹೈಡ್ರಾ ಉಚಿತವಾಗಿ ಸಿಗುತ್ತವೆ. ಟಚ್‌ಡಿಸೈನರ್‌ಗೂ ವ್ಯಾಪಾರಕ್ಕಲ್ಲದ ಉಚಿತ ಆವೃತ್ತಿ ಇದೆ. ಯಾವುದು ಒಳ್ಳೆಯದು ಅನ್ನುವ ಜಗಳಕ್ಕೆ ನಾನಿಲ್ಲ, ನಿಮಗೆ ಬರುವುದೇ ಒಳ್ಳೆಯದು.

ಗೊತ್ತಿರಬೇಕಾದ ಒಂದು ಉಪಾಯ ನಾಯ್ಸ್. ಕಂಪ್ಯೂಟರ್‌ಗೆ ಸುಮ್ನೆ ಯಾವುದಾದರೂ ಸಂಖ್ಯೆ ಕೊಡು ಅಂದರೆ 3 ಆದ ಮೇಲೆ 97 ಕೊಡುತ್ತದೆ, ಚಲನೆ ಕುಪ್ಪಳಿಸುತ್ತದೆ. 'ಟ್ರಾನ್' ಚಿತ್ರಕ್ಕೆ ಕೆಲಸ ಮಾಡಿದ್ದ ಕೆನ್ ಪರ್ಲಿನ್, ಕಂಪ್ಯೂಟರ್ ಚಿತ್ರಗಳು ತೀರಾ ಯಾಂತ್ರಿಕವಾಗಿ ಕಾಣುತ್ತವೆ ಅಂತ 1980ರ ದಶಕದ ಶುರುವಿನಲ್ಲಿ ಬೇರೆ ಥರದ ನಾಯ್ಸ್ ಕಂಡುಹಿಡಿದರು. ಅದರಲ್ಲಿ ಪಕ್ಕಪಕ್ಕದ ಸಂಖ್ಯೆಗಳು ಹತ್ತಿರಹತ್ತಿರವೇ ಇರುತ್ತವೆ, ಹಾಗಾಗಿ ಮೋಡ, ಹೊಗೆ, ಅಲೆ ಎಲ್ಲ ಸಹಜವಾಗಿ ಬರುತ್ತವೆ. 1997ರಲ್ಲಿ ಅದಕ್ಕೆ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ಬಂತು. ಜೋಡಣೆ ಕಾಣದ ಲೂಪ್ ಬೇಕಿದ್ದರೆ ನಾಯ್ಸ್ ಮೈದಾನದಲ್ಲಿ ನೇರ ಗೆರೆಯಲ್ಲಿ ಹೋಗದೆ ವೃತ್ತದಲ್ಲಿ ಸುತ್ತಿ ಬನ್ನಿ, ಹೊರಟಲ್ಲಿಗೇ ಮುಟ್ಟುತ್ತೀರಿ.

ತೊಂದರೆ ಏನೆಂದರೆ ಈಗ ಎಲ್ಲರ ನಾಯ್ಸೂ ಒಂದೇ ಥರ ಕಾಣುತ್ತದೆ. ನಿಮ್ಮದೇ ಏನಾದರೂ ಒಳಗೆ ಹಾಕಿ. ಗೋಡೆಯ ಕಲೆಯ ಫೋಟೋದಿಂದ ಬಣ್ಣ ತೆಗೆದುಕೊಳ್ಳಿ, ನಿಮ್ಮ ಕೈ ಬರವಣಿಗೆಯ ವೇಗದಿಂದ ಚಲನೆ ತೆಗೆದುಕೊಳ್ಳಿ. ಎಐ ವಿಡಿಯೋ ಬಗ್ಗೆಯೂ ಕೇಳುತ್ತಾರೆ. ನನಗೆ ಅಷ್ಟು ಹಿಡಿಸಿಲ್ಲ. ಅದು ಯಾವಾಗಲೂ ಏನನ್ನಾದರೂ ಆಗಿಸಲು ಹವಣಿಸುತ್ತಿರುತ್ತದೆ: ಅಲೆ ರೆಕ್ಕೆಯಾಗುತ್ತದೆ, ರೆಕ್ಕೆ ಮುಖವಾಗುತ್ತದೆ.

ಮುಖ ಕಂಡರೆ ತಪ್ಪೇನು?

ಮುಖ ಕಂಡ ಕೂಡಲೇ ಹೆಸರು ಹುಟ್ಟುತ್ತದೆ, ಹೆಸರು ಹುಟ್ಟಿದ ಕೂಡಲೇ ನೋಡುವುದು ನಿಲ್ಲುತ್ತದೆ. 'ಓ, ಮೋಡ' ಅಂದುಕೊಂಡವರು ಮೋಡ ನೋಡುವುದಿಲ್ಲ, ತಮಗೆ ಗೊತ್ತಿರುವ ಮೋಡಗಳ ಬಗ್ಗೆ ಯೋಚಿಸುತ್ತಾರೆ. ಆದ್ದರಿಂದ ಅಳತೆಯ ಸುಳಿವುಗಳನ್ನು ಅಳಿಸಿ. ಪಾತ್ರೆಯ ಅಂಚು ಕಾಣಬಾರದು, ಗುಳ್ಳೆ ಕಾಣಬಾರದು, ಧೂಳಿನ ಎಳೆ ಅಂತೂ ಕಾಣಲೇಬಾರದು. ಇದು ಬೆರಳುದ್ದದ್ದೋ ನಕ್ಷತ್ರಮಂಡಲದಷ್ಟು ದೊಡ್ಡದೋ ಅಂತ ತೀರ್ಮಾನ ಆಗದಿರುವಷ್ಟು ಹೊತ್ತೂ ಕಣ್ಣು ಎಚ್ಚರವಾಗಿರುತ್ತದೆ.

ಸಮ್ಮಿತಿಯ ಅಪಾಯವೂ ಇದೇ. ಎಡಬಲ ಕನ್ನಡಿ ಹಿಡಿದರೆ ಯಾವ ಗೀಚಲೂ ಮುಖ ಅಥವಾ ಕೀಟ ಆಗುತ್ತದೆ. ಆರೇಳು ಮಡಿಕೆಯ ಮಂಡಲದಲ್ಲಿ ಮುಖ ಕಡಿಮೆ, ಕಣ್ಣು ಮಧ್ಯಕ್ಕೆ ಬಂದು ನಿಲ್ಲುತ್ತದೆ ಎನ್ನುವುದೂ ನಿಜ. ಆದರೆ ಎಲ್ಲ ಎಸಳೂ ಪಡಿಯಚ್ಚಾದರೆ ಒಂದನ್ನು ನೋಡಿದರೆ ಎಲ್ಲವನ್ನೂ ನೋಡಿದಂತೆ. ಒಂದೊಂದು ಎಸಳು ಒಂದಿಷ್ಟು ತಡವಾಗಿ ಅಥವಾ ಬೇಗ ಚಲಿಸಲಿ.

ಬಣ್ಣ?

ಕಡಿಮೆ. ಎರಡು ಮೂರು ಸಾಕು. ಕಾಮನಬಿಲ್ಲು ಪೂರ್ತಿ ಓಡಿಸಿದರೆ ಪಾರ್ಟಿ ಲೈಟ್ ಆಗುತ್ತದೆ.

ಇನ್ನೊಂದು, ನೋಡುಗರ ಕಣ್ಣೇ ಮಾಡುವ ಬಣ್ಣಗಳಿವೆ, ಅವನ್ನು ಬಳಸಿಕೊಳ್ಳಿ. ತೆರೆಯ ಮಧ್ಯೆ ಗಾಢವಾದ ಹಸಿರು-ನೀಲಿ ವೃತ್ತವನ್ನು ಅಲುಗಾಡಿಸದೆ ಅರ್ಧ ನಿಮಿಷ ಇಟ್ಟು, ಆಮೇಲೆ ತೆರೆಯನ್ನೆಲ್ಲ ಬೂದು ಮಾಡಿದರೆ ಅಲ್ಲಿ ತಿಳಿಗೆಂಪು ವೃತ್ತ ತೇಲುತ್ತದೆ. ಫೈಲಿನಲ್ಲಿ ಆ ಕೆಂಪು ಎಲ್ಲೂ ಇಲ್ಲ. ಇನ್ನೊಂದು ಸ್ವಿಸ್ ವೈದ್ಯ ಟ್ರಾಕ್ಸ್ಲರ್ 1804ರಲ್ಲೇ ಗಮನಿಸಿದ್ದು: ಒಂದು ಬಿಂದುವನ್ನೇ ದಿಟ್ಟಿಸಿದರೆ ಸುತ್ತಲಿನ ಮೆತ್ತನೆ ಅಂಚಿನ, ಮಂಕಾದ ಆಕಾರಗಳು ಕ್ರಮೇಣ ಮಾಯವಾಗುತ್ತವೆ. ಕಣ್ಣು ಅಲುಗಿದರೆ ವಾಪಸ್ ಬರುತ್ತವೆ. ನೋಡುಗರು ಎಷ್ಟು ಸ್ಥಿರವಾಗಿದ್ದಾರೆ ಎನ್ನುವುದರ ಮೇಲೆ ಸಿನಿಮಾ ಬದಲಾಗುವುದು ನನಗೆ ತುಂಬ ಇಷ್ಟವಾದ ಸಂಗತಿ. ಗಲಾಟೆ ಇಲ್ಲದೆ ಅವರನ್ನು ಕೆಲಸದಲ್ಲಿ ಸೇರಿಸಿಕೊಂಡಂತೆ.

ಕಪ್ಪು ಭಾಗದಲ್ಲಿ ಪಟ್ಟಿ ಪಟ್ಟಿ ಕಾಣುತ್ತದೆ. ಏನು ಮಾಡಲಿ?

ಅದು ಬ್ಯಾಂಡಿಂಗ್. ಈ ಥರದ ಸಿನಿಮಾಕ್ಕೆ ದೊಡ್ಡ ಶತ್ರು, ಯಾಕೆಂದರೆ ನಾವು ಮಾಡುವುದೇ ಮೆತ್ತನೆಯ ಮಂಕು ಛಾಯೆಗಳನ್ನು. 8 ಬಿಟ್ ವಿಡಿಯೋದಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು. ನಿಮ್ಮ ಛಾಯೆ ಅದರಲ್ಲಿ ಬರೀ 20 ಮೆಟ್ಟಿಲನ್ನು ಬಳಸಿ 1920 ಪಿಕ್ಸೆಲ್ ಅಗಲಕ್ಕೆ ಹರಡಿದ್ದರೆ ಒಂದೊಂದು ಪಟ್ಟಿ 96 ಪಿಕ್ಸೆಲ್ ಆಯಿತು, ಕಾಣದೆ ಇರುತ್ತದಾ? 10 ಬಿಟ್‌ನಲ್ಲಿ 1024 ಮೆಟ್ಟಿಲು, ಪಟ್ಟಿ ಕಾಲು ಭಾಗಕ್ಕೆ ಇಳಿಯುತ್ತದೆ. ಕೆಲಸವನ್ನೆಲ್ಲ 16 ಅಥವಾ 32 ಬಿಟ್‌ನಲ್ಲಿ ಮಾಡಿ, ಕೊನೆಗೆ ಸಣ್ಣ ಗ್ರೇನ್ ಸೇರಿಸಿ. ಗ್ರೇನ್ ಪಟ್ಟಿಗಳ ಅಂಚನ್ನು ಒಡೆದುಹಾಕುತ್ತದೆ. ಆದರೆ ಆನ್‌ಲೈನ್‌ಗೆ ಏರಿಸಿದಾಗ ಕಂಪ್ರೆಷನ್ ಮೊದಲು ನುಂಗುವುದೇ ಈ ಗ್ರೇನನ್ನು. ಅದಕ್ಕೆ ಬಿಟ್‌ರೇಟ್ (ಒಂದು ಸೆಕೆಂಡ್ ವಿಡಿಯೋಗೆ ಬಳಸುವ ಡೇಟಾ) ಜಾಸ್ತಿ ಇಡಿ, 4ಕೆ ಮಾಡಿ ಏರಿಸಿ, ಗ್ರೇನ್ ಸ್ವಲ್ಪ ದಪ್ಪ ಇರಲಿ. ಆದರೂ ಪೂರ್ತಿ ಹೋಗುವುದಿಲ್ಲ. ಆನ್‌ಲೈನ್ ಆವೃತ್ತಿಯನ್ನು ಒಂದಿಷ್ಟು ಬೆಳ್ಳಗೆ ಮಾಡಿ ಬೇರೆಯಾಗೇ ತೆಗೆಯುವುದು ವಾಸಿ.

ಸದ್ದು ಬೇಕಾ?

ಕಡ್ಡಾಯವಲ್ಲ. ಅಮೆರಿಕದ ಪ್ರಯೋಗಶೀಲ ನಿರ್ದೇಶಕರಾದ ಸ್ಟಾನ್ ಬ್ರಾಕೇಜ್ ಅವರ ಬಹುಪಾಲು ಚಿತ್ರಗಳು, ನೆಥೇನಿಯಲ್ ಡಾರ್ಸ್ಕಿ ಅವರ ಚಿತ್ರಗಳು ಮೂಕ. ಸದ್ದಿಲ್ಲದ ಕೋಣೆಯಲ್ಲಿ ನೋಡುಗರಿಗೆ ತಮ್ಮ ಉಸಿರು ತಮಗೇ ಕೇಳುತ್ತದೆ, ಪಕ್ಕದವರ ಕೆಮ್ಮೂ ಕೇಳುತ್ತದೆ, ಎರಡನ್ನೂ ತಡೆದುಕೊಳ್ಳಬೇಕು.

ಸದ್ದು ಇಡುವುದಾದರೆ ಕೊಳಲು, ತಂಬೂರಿ, ಟಿಬೆಟಿನ ಬೋಗುಣಿ ಸದ್ದನ್ನು ಅಭ್ಯಾಸಬಲದಿಂದ ಹಾಕಬೇಡಿ ಅಂತ ಕೇಳಿಕೊಳ್ಳುತ್ತೇನೆ. ಅವು ಕೆಟ್ಟವು ಅಂತಲ್ಲ. 'ಈಗ ನೀವು ಶಾಂತವಾಗಬೇಕು' ಅಂತ ಭುಜ ಹಿಡಿದು ಹೇಳಿದಂತಾಗುತ್ತದೆ, ಹಾಗೆ ಹೇಳಿಸಿಕೊಂಡು ಯಾರೂ ಶಾಂತವಾಗಿಲ್ಲ.

ನನ್ನ ಅಚ್ಚುಮೆಚ್ಚಿನ ವಿಧಾನ ಎರಡು ಹತ್ತಿರದ ಸ್ವರಗಳ ಮಿಡಿತ. 110 ಹರ್ಟ್ಸ್ ಜೊತೆ 110.5 ಹರ್ಟ್ಸ್ ನುಡಿಸಿದರೆ ಎರಡೂ ಸೇರಿ 2 ಸೆಕೆಂಡಿಗೊಮ್ಮೆ ಉಬ್ಬಿ ಇಳಿಯುತ್ತವೆ. 110 ಮತ್ತು 110.1 ಆದರೆ 10 ಸೆಕೆಂಡಿಗೊಮ್ಮೆ. ಮೇಲೆ ಹೇಳಿದ ಉಸಿರಿನ ಏರಿಳಿತ ನೆನಪಿದೆಯಲ್ವಾ, ಸದ್ದೂ ಅದೇ ಅಳತೆಗೆ ಬಂತು. ಎರಡನ್ನೂ ಒಂದೇ ಕ್ಷಣಕ್ಕೆ ಹೊಂದಿಸಬೇಡಿ. ಒಂದು 10, ಇನ್ನೊಂದು 11 ಸೆಕೆಂಡ್ ಇದ್ದರೆ ಅವು ಹತ್ತಿರ ಬಂದು ದೂರ ಹೋಗಿ 110 ಸೆಕೆಂಡಿಗೊಮ್ಮೆ ಮತ್ತೆ ಕೂಡುತ್ತವೆ. ಮೊಬೈಲ್ ಸ್ಪೀಕರ್‌ನಲ್ಲಿ 110 ಹರ್ಟ್ಸ್ ಸರಿಯಾಗಿ ಕೇಳುವುದಿಲ್ಲ, ಹಾಗಾಗಿ 220, 330ರ ಮೇಲು ಸ್ವರಗಳೂ ಇರುವ ಸದ್ದು ಆರಿಸಿ.

ಬೈನಾರಲ್ ಬೀಟ್ಸ್ ಹಾಕಿದರೆ ಮಿದುಳಿನ ಅಲೆ ಬದಲಾಗುತ್ತದಂತೆ?

ಎಡ ಕಿವಿಗೆ ಒಂದು, ಬಲ ಕಿವಿಗೆ ಅದಕ್ಕಿಂತ ತುಸು ಬೇರೆ ಸ್ವರ ಕೊಟ್ಟರೆ ಇಲ್ಲದ ಮಿಡಿತವೊಂದು ಕೇಳುತ್ತದೆ ಎನ್ನುವುದು ಸತ್ಯ, ಜರ್ಮನಿಯ ಭೌತವಿಜ್ಞಾನಿ ಡೋವ 1841ರಲ್ಲೇ ಕಂಡುಕೊಂಡಿದ್ದು. ಹೆಡ್‌ಫೋನ್ ಇಲ್ಲದೆ ಅದು ಕೆಲಸ ಮಾಡುವುದಿಲ್ಲ. ಮಿದುಳನ್ನೇ ಧ್ಯಾನಕ್ಕೆ ಎಳೆಯುತ್ತದೆ ಎನ್ನುವ ಮಾತಿಗೆ ಸಾಕ್ಷಿ ಗಟ್ಟಿಯಿಲ್ಲ, ಸಂಶೋಧನೆಗಳ ಫಲಿತಾಂಶ ಒಂದಕ್ಕೊಂದು ಹೊಂದುವುದಿಲ್ಲ. ಸದ್ದು ಇಷ್ಟವಾದರೆ ಬಳಸಿ, ಪೋಸ್ಟರ್ ಮೇಲೆ ಬರೆಯಬೇಡಿ.

ಬೆಳಕು ಮಿನುಗಿಸಿದರೆ ಬೇಗ ಪರಿಣಾಮ ಆಗುತ್ತದಲ್ಲ?

ಆಗುತ್ತದೆ, ಅದಕ್ಕೇ ಹುಷಾರು. ಮಿನುಗು ಬೆಳಕು ಕೆಲವರಿಗೆ ಮೂರ್ಛೆ ತರಿಸುತ್ತದೆ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಸಲ ಮಿನುಗಿದ್ದಕ್ಕೆ 685ರಷ್ಟು ಮಂದಿಯನ್ನು, ಹೆಚ್ಚಾಗಿ ಮಕ್ಕಳನ್ನು, ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಅವರಲ್ಲಿ ಅನೇಕರಿಗೆ ಹಿಂದೆ ಮೂರ್ಛೆ ಬಂದಿರಲೇ ಇಲ್ಲ. ಅಂದರೆ 'ನನಗೆ ಆ ಸಮಸ್ಯೆ ಇಲ್ಲ' ಅಂತ ನೋಡುಗರು ಹೇಳಿದರೂ ಅವರಿಗೇ ಗೊತ್ತಿಲ್ಲದೆ ಇರಬಹುದು.

ವೆಬ್ ಪುಟಗಳ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುವುದು ಸೆಕೆಂಡಿಗೆ ಮೂರಕ್ಕಿಂತ ಜಾಸ್ತಿ ಮಿನುಗು ಬೇಡ ಅಂತ. ನೀವೂ ಅದನ್ನೇ ಪಾಲಿಸಿ. 15ರಿಂದ 25ರ ನಡುವಿನದು ಅತಿ ಅಪಾಯ, ಗಾಢ ಕೆಂಪು ಇನ್ನೂ ಅಪಾಯ, ದಟ್ಟವಾದ ಕಪ್ಪು ಬಿಳಿ ಪಟ್ಟಿಗಳೂ ತೊಂದರೆ ಕೊಡುತ್ತವೆ. 1966ರಲ್ಲಿ ಟೋನಿ ಕಾನ್ರಾಡ್ ಬರೀ ಕಪ್ಪು ಬಿಳಿ ಫ್ರೇಮುಗಳಿಂದ 'ದಿ ಫ್ಲಿಕರ್' ಮಾಡಿದಾಗ ಶುರುವಿನಲ್ಲೇ ಎಚ್ಚರಿಕೆ ಹಾಕಿದ್ದರು. ಮಿನುಗು ಇಟ್ಟೇ ಇಡುತ್ತೇನೆ ಅನ್ನುವವರು ಎಚ್ಚರಿಕೆಯನ್ನು ಸಿನಿಮಾದೊಳಗೆ ಮಾತ್ರವಲ್ಲ, ಜನ ಒಳಗೆ ಬರುವ ಬಾಗಿಲಲ್ಲೂ ಹಾಕಬೇಕು. ಆನ್‌ಲೈನ್‌ಗೆ ಮಾತ್ರ ಅಂಥದ್ದನ್ನು ಏರಿಸಲೇಬೇಡಿ, ಅಲ್ಲಿ ಯಾರ ಕಣ್ಣಿಗೆ ತಾನಾಗೇ ಪ್ಲೇ ಆಗುತ್ತದೋ ಯಾರಿಗೆ ಗೊತ್ತು.

ಕಟ್ ಮಾಡಬಹುದಾ?

ಧಾರಾಳವಾಗಿ. ಡಿಸಾಲ್ವ್ (ಒಂದು ಚಿತ್ರ ಇನ್ನೊಂದರೊಳಗೆ ಕರಗುವುದು) ಒಂದೇ ಪವಿತ್ರ ಅನ್ನುವ ನಂಬಿಕೆ ಎಲ್ಲಿಂದ ಬಂತೋ. ಎಂಟು ನಿಮಿಷದ ಕರಗುವಿಕೆಯ ನಂತರ ಒಂದೇ ಒಂದು ನೇರ ಕಟ್ ಇಟ್ಟು ನೋಡಿ.

ಎಷ್ಟು ಉದ್ದ ಇರಬೇಕು?

ಮೊದಲ ಎರಡು ಮೂರು ನಿಮಿಷ ನೋಡುಗರು ಸರಿಯಾಗಿ ಕೂರುವುದಕ್ಕೇ ಹೋಗುತ್ತದೆ, ಆದ್ದರಿಂದ ಐದು ನಿಮಿಷಕ್ಕಿಂತ ಚಿಕ್ಕದು ಕಷ್ಟ. ಹತ್ತರಿಂದ ಹದಿನೈದು ನನ್ನ ಪ್ರಕಾರ ಹದ. ಉತ್ಸವದವರು ಚಿಕ್ಕದು ಕೇಳುತ್ತಾರೆ, ಅದು ಅವರ ಕಷ್ಟ.

ಕೆಲಸ ಮಾಡುತ್ತಿದೆಯೋ ಇಲ್ಲವೋ ಹೇಗೆ ತಿಳಿಯುವುದು?

ನೀವೇ ನೋಡಿ ತಿಳಿಯುವುದು ಆಗದ ಮಾತು. ಯಾವ ಫ್ರೇಮಿನಲ್ಲಿ ಏನಿದೆ ಅಂತ ಬಾಯಿಪಾಠ ಆಗಿರುತ್ತದೆ, ಮುಂದಿನದಕ್ಕೆ ಕಾಯುತ್ತೀರಿ, ಕಾಯುವವರು ನೋಡುವುದಿಲ್ಲ. ನಾಲ್ಕೈದು ಜನರನ್ನು ಕೂರಿಸಿ, ತೆರೆ ಬಿಟ್ಟು ಅವರನ್ನು ನೋಡಿ. ಕಾಲು ಅಲ್ಲಾಡುವುದು ಯಾವಾಗ ನಿಂತಿತು? ಕೈ ಎಲ್ಲಿದೆ? ಯಾವ ನಿಮಿಷದಲ್ಲಿ ಎಲ್ಲರೂ ಒಟ್ಟಿಗೆ ಕುರ್ಚಿಯಲ್ಲಿ ಸರಿದಾಡಿದರು? ಆ ನಿಮಿಷ ಬರೆದುಕೊಳ್ಳಿ, ತೊಂದರೆ ಇರುವುದು ಅದಕ್ಕಿಂತ ಅರ್ಧ ನಿಮಿಷ ಮುಂಚೆ.

ಮುಗಿದ ಮೇಲೆ 'ಹೇಗಿತ್ತು' ಅಂತ ಕೇಳಬೇಡಿ, 'ಚೆನ್ನಾಗಿತ್ತು' ಅಂತಾರೆ. 'ಎಷ್ಟು ನಿಮಿಷ ಇತ್ತು ಅನ್ನಿಸಿತು' ಅಂತ ಕೇಳಿ. ಹನ್ನೆರಡು ನಿಮಿಷದ್ದನ್ನು ಇಪ್ಪತ್ತೈದು ಅಂದರೆ ಬೇಜಾರಾಗಿದೆ. ಆರು ಅಂದರೆ ಎಲ್ಲೋ ಕಳೆದುಹೋಗಿದ್ದರು. 'ಗೊತ್ತೇ ಆಗಲಿಲ್ಲ' ಅಂದರೆ ಇನ್ನೂ ಒಳ್ಳೆಯದು. ನಿದ್ದೆ ಹೋದರೆ? ಒಬ್ಬಿಬ್ಬರು ಹೋದರೆ ಪರವಾಗಿಲ್ಲ, ದಣಿದಿದ್ದರೇನೋ. ಎಲ್ಲರೂ ಹೋದರೆ ಮೇಲ್ಮೈಯ ಸಣ್ಣ ಮಿಡುಕಾಟ ಸಾಲದು.

ಕೆಲವರಿಗೆ ಹೆದರಿಕೆ ಆಯಿತು ಅಂದರು. ಹೀಗೂ ಆಗುತ್ತದಾ?

ಆಗುತ್ತದೆ. ಕತ್ತಲು, ತಗ್ಗಿನ ಗುಂಯ್ ಸದ್ದು, ಹಿಡಿದುಕೊಳ್ಳಲು ಯಾವ ವಸ್ತುವೂ ಇಲ್ಲದ ತೆರೆ, ಇವೆಲ್ಲ ಸೇರಿದರೆ ಕೆಲವರಿಗೆ ಎದೆ ಹೊಡೆದುಕೊಳ್ಳುತ್ತದೆ. ಮನಸ್ಸು ಸುಮ್ಮನಾದಾಗ ಒಳಗಿದ್ದದ್ದು ಮೇಲೆ ಬರುವುದೂ ಉಂಟು. ಶುರುವಿಗೆ ಮುಂಚೆ ಎಷ್ಟು ನಿಮಿಷ ಎಂದು ಹೇಳಿ, ಯಾವಾಗ ಬೇಕಾದರೂ ಎದ್ದು ಹೋಗಬಹುದು ಅನ್ನಿ, ಬಾಗಿಲ ದಾರಿಯಲ್ಲಿ ಮಂದ ದೀಪ ಇರಲಿ. ಚಿಕಿತ್ಸೆ ಅಂತ ಮಾತ್ರ ಎಲ್ಲೂ ಹೇಳಿಕೊಳ್ಳಬೇಡಿ.

ತೋರಿಸುವ ಕೋಣೆ ಹೇಗಿರಬೇಕು?

ಕತ್ತಲು, ನಿಜವಾದ ಕತ್ತಲು. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಅಷ್ಟು ಕಾಯಿಸಲು ಆಗದಿದ್ದರೂ ಎರಡು ಮೂರು ನಿಮಿಷ ಬೆಳಕು ಆರಿಸಿ ಕೂರಿಸಿ, ಸಿನಿಮಾದ ಮೊದಲ ಚಿತ್ರ ಮಂಕಾಗಿರಲಿ. ಪ್ರೊಜೆಕ್ಟರಿನ ಕಪ್ಪು ಬೂದಾಗಿರುತ್ತದೆ, ತೆರೆಯ ಚೌಕಟ್ಟು ಕಾಣುತ್ತದೆ. ಅದಕ್ಕೆ ಚಿತ್ರದ ಅಂಚುಗಳನ್ನು ನೀವೇ ಕತ್ತಲಿಗೆ ಕರಗಿಸಿಬಿಡಿ. ಪ್ರೊಜೆಕ್ಟರ್ ಫ್ಯಾನಿನ ಸದ್ದನ್ನು ಮೊದಲೇ ಕೇಳಿಸಿಕೊಂಡು ನಿಮ್ಮ ಸ್ವರವನ್ನು ಅದಕ್ಕೆ ಹೊಂದಿಸಿದರೆ ಅರ್ಧ ತಲೆನೋವು ಕಡಿಮೆ. ಮುಗಿದ ಕೂಡಲೇ ಟ್ಯೂಬ್‌ಲೈಟ್ ಹಾಕುವ ಸ್ವಯಂಸೇವಕರನ್ನು ಮೊದಲೇ ಗುರುತಿಸಿ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಮುಗಿದ ಮೇಲೆ ಏನೇನು ಉಳಿಸಿಕೊಳ್ಳಬೇಕು?

ಪ್ರೋರೆಸ್ 422 ಎಚ್‌ಕ್ಯೂ (ಉನ್ನತ ಗುಣಮಟ್ಟದ ವಿಡಿಯೋ ಫಾರ್ಮ್ಯಾಟ್) ಅಥವಾ ಅದಕ್ಕಿಂತ ಮೇಲಿನ ಮಾಸ್ಟರ್, ಅಂದರೆ ಮೂಲ ಪ್ರತಿ, ಒಂದು. ಸಾಧ್ಯವಾದರೆ 16 ಬಿಟ್ ಚಿತ್ರಗಳ ಸರಣಿ, ಸದ್ದು ಬೇರೆ ವೇವ್ ಫೈಲಿನಲ್ಲಿ. ಎರಡು ಬೇರೆ ಬೇರೆ ಡಿಸ್ಕ್, ಬೇರೆ ಬೇರೆ ಜಾಗ. ಕೋಡ್‌ನಿಂದ ಮಾಡಿದ್ದರೆ ಸಾಫ್ಟ್‌ವೇರ್ ಆವೃತ್ತಿ ಮತ್ತು ನಾಯ್ಸ್‌ಗೆ ಕೊಟ್ಟ ಸೀಡ್ (ನಾಯ್ಸ್ ಶುರುವಾಗುವ) ಸಂಖ್ಯೆಯನ್ನು ಕೋಡಿನೊಳಗೇ ಬರೆದಿಡಿ. ಸೀಡ್ ಗೊತ್ತಿಲ್ಲದಿದ್ದರೆ ಅದೇ ಅಲೆ ಇನ್ನೊಮ್ಮೆ ಬರುವುದಿಲ್ಲ, ಉತ್ಸವದವರು 'ಇದನ್ನೇ 4ಕೆಯಲ್ಲಿ ಕಳಿಸಿ' ಅಂದಾಗ ಹೊಸ ಸಿನಿಮಾ ಮಾಡಬೇಕಾಗುತ್ತದೆ.